ಪಕ್ಕದ ಸೀಟಿನ ಬ್ರೇಕು

ಫೆಬ್ರವರಿ 11

ಕ್ಲಚ್ಚಮ್ಮನಿಗೆ,

ಈ ಹೆಸರಿನಿಂದ ನಿನ್ನನ್ನು ಕರೆಯುವವಳು ಲೋಕದಲ್ಲಿ ನಾನೊಬ್ಬಳೇ. ಹಾಗಾಗಿ ಯಾರ ಕಾಗದವಪ್ಪಾ ಇದು ಎಂದು ಕೊನೆಯ ಪುಟ ತಿರುಗಿಸಿ ನೋಡುವ ಕಷ್ಟ ನಿನಗಿಲ್ಲ. ಎರಡು ವರ್ಷದಿಂದ ನೀನೂ ಸುಮ್ಮನಿದ್ದೆ, ನಾನೂ ಸುಮ್ಮನಿದ್ದೆ. ನನ್ನ ಮಗನಿಗೆ ವಿಚ್ಛೇದನ ಕೊಟ್ಟೆ, ಸರಿ, ಅದು ನಿಮ್ಮಿಬ್ಬರ ವ್ಯವಹಾರ. ಅತ್ತೆಗೆ ವಿಚ್ಛೇದನ ಕೊಡುವ ಕೋರ್ಟು ಮಾತ್ರ ಇನ್ನೂ ಎಲ್ಲೂ ಶುರುವಾಗಿಲ್ಲ. ವಿಚಾರಿಸಿದ್ದೇನೆ.

ವಿಷಯಕ್ಕೆ ಬರುತ್ತೇನೆ. ನನಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರು. ಮೂರು ವಾರದ ಹಿಂದೆ ಆಪರೇಷನ್ ಆಯಿತು. ಹೊಟ್ಟೆಯಲ್ಲಿ ಕಲ್ಲು ಇದೆಯೇನೋ ಎಂದು ಸ್ಕ್ಯಾನ್ ಮಾಡಿಸಲು ಹೋದವಳಿಗೆ ಇದು ಸಿಕ್ಕಿತು. ಗಡ್ಡೆ ಗ್ರಂಥಿಯ ಬಾಲದ ಕಡೆ ಇತ್ತಂತೆ. ಬಾಲ ಕತ್ತರಿಸಿದರು. ನನಗೆ ಬಾಲ ಇದೆ ಅಂತ ನಿನಗೆ ಮೊದಲಿನಿಂದ ಅನುಮಾನವಿತ್ತು, ಈಗ ಪುರಾವೆ ಸಿಕ್ಕಿತು.

ಈಗಿನ ಪ್ರಶ್ನೆ ಏನೆಂದರೆ, ಡಾಕ್ಟರು ಆರು ತಿಂಗಳು ಡ್ರಿಪ್ಪಿನಲ್ಲಿ ಕೀಮೊ ಕೊಡುತ್ತೇವೆ ಎನ್ನುತ್ತಾರೆ. ಆಪರೇಷನ್ ಆಗಿ ಮೂರು ತಿಂಗಳ ಒಳಗೆ ಶುರುವಾಗಬೇಕು, ಅಂದರೆ ಏಪ್ರಿಲ್ ಇಪ್ಪತ್ತರೊಳಗೆ. ಎಲ್ಲೋ ಒಂದೆರಡು ಕಣ ಉಳಿದಿದ್ದರೆ ಅದು ಬೇರೆ ಕಡೆ ಹೋಗಿ ಕೂರದಂತೆ ಈ ಔಷಧಿ. ಆದರೆ ಅದರಿಂದ ಬೆರಳು, ಅಂಗಾಲು ಜೋಮು ಹಿಡಿಯುತ್ತದೆ, ಕೆಲವರಿಗೆ ಆ ಜೋಮು ಬಿಡುವುದೇ ಇಲ್ಲ. ನಾನು ಮೂವತ್ತೆಂಟು ವರ್ಷದಿಂದ ಡ್ರೈವಿಂಗ್ ಕಲಿಸುತ್ತಿರುವವಳು. ಪಕ್ಕದ ಸೀಟಿನಲ್ಲಿ ಕೂತು, ನನ್ನ ಕಡೆಯ ಬ್ರೇಕಿನ ಮೇಲೆ ಪಾದ ಇಟ್ಟು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ರಸ್ತೆ ಕಾದವಳು. ಬೇರೆಯವರು ಓಡಿಸುವಾಗ ಒಂದು ಸಲವೂ ರೆಪ್ಪೆ ಮುಚ್ಚಿದವಳಲ್ಲ, ಬಸ್ಸಿನಲ್ಲೂ ಇಲ್ಲ. ಅಂಗಾಲಿಗೆ ಬ್ರೇಕು ಗೊತ್ತಾಗದೆ ಹೋದರೆ ಆ ಸೀಟಿನಲ್ಲಿ ನನಗೇನು ಕೆಲಸ?

ಮಗನನ್ನು ಕೇಳಿದರೆ "ಏನೂ ಆಗಲ್ಲಮ್ಮ, ಸುಮ್ನಿರು, ನಾವಿದ್ದೀವಿ" ಅಂತಾನೆ. ಲಿಫ್ಟ್ ರಿಪೇರಿ ಮಾಡುವವನಲ್ಲವೇ, ಎರಡು ಮಹಡಿ ನಡುವೆ ಸಿಕ್ಕಿಹಾಕಿಕೊಂಡವರಿಗೆ ಹೇಳುವ ಮಾತನ್ನೇ ನನಗೂ ಹೇಳುತ್ತಾನೆ. ನೀನಾದರೆ ದಿನವಿಡೀ ಇದೇ ಕಾಯಿಲೆಯ ಕಣಗಳ ಜೊತೆ ಇರುವವಳು. ಹಿಂದೆ ಊಟದ ಮೇಜಿನಲ್ಲಿ ಈ ಗ್ರಂಥಿಯ ಮಾತೆತ್ತಿದರೆ "ತಿನ್ನೋವಾಗ ಬೇಡ" ಎಂದು ನಿನ್ನ ಬಾಯಿ ಮುಚ್ಚಿಸುತ್ತಿದ್ದೆ. ಈಗ ಹೇಳು. ಅಡ್ಡಗೋಡೆಯ ಮೇಲೆ ದೀಪ ಇಡಬೇಡ.

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಬರೀ "ಹೂಂ" ಅಂತೀಯ. ಕಾಗದದಲ್ಲಿ ಹೂಂ ಎಂದು ಬರೆದು ಅಂಚೆಗೆ ಹಾಕಲು ನಿನಗೂ ನಾಚಿಕೆಯಾದೀತು.

ಇನ್ನೂ ರದ್ದಾಗದ,
ನಿನ್ನ ಅತ್ತೆ

*

ಫೆಬ್ರವರಿ 20

ಅತ್ತೆ,

ನಿಮ್ಮ ಪತ್ರವನ್ನು ಲ್ಯಾಬಿನ ಕೋಟು ಬಿಚ್ಚದೆ ಮೆಟ್ಟಿಲ ಮೇಲೆ ಕೂತು ಓದಿದೆ. ಅಳು ಬಂತು. ಭಯವೂ ಆಯಿತು, ಯಾಕೆಂದರೆ ಈ ಕಾಯಿಲೆಯ ಬಗ್ಗೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಗೊತ್ತು. ಉತ್ತರ ಬರೆಯುವುದು, ಹರಿಯುವುದು, ಹೀಗೇ ವಾರ ಕಳೆಯಿತು.

ಮನೆ ಬಿಡುವ ದಿನ ನಿಮಗೆ ಮುಖ ತೋರಿಸದೆ ಬೀಗದ ಕೈಯನ್ನು ನಿಮ್ಮ ಗೇಟಿನ ಟಪಾಲು ಪೆಟ್ಟಿಗೆಗೆ ಹಾಕಿ ಹೋದೆ. ಅದರ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಹಾಗಾಗಿ ನಾನೂ ಈಗ ಬರೆಯುವುದಿಲ್ಲ.

ಕೀಮೊ ವಿಷಯ ನಿಮ್ಮ ಡಾಕ್ಟರಿಗೆ ಬಿಟ್ಟದ್ದು, ನಾನು ವೈದ್ಯೆಯಲ್ಲ. ನಾನು ಮಾಡುವುದೇನೆಂದು ಹೇಳುತ್ತೇನೆ. ರೋಗಿಗಳ ಗಡ್ಡೆಯಿಂದ ತೆಗೆದ ಜೀವಕೋಶಗಳು ನಮ್ಮಲ್ಲಿಗೆ ಬರುತ್ತವೆ. ಅವನ್ನು ಪ್ಲಾಸ್ಟಿಕ್ ತಟ್ಟೆಗಳಲ್ಲಿ ಬೆಳೆಸುತ್ತೇನೆ. ದಿನ ಬಿಟ್ಟು ದಿನ ಅವುಗಳ ಆಹಾರದ ದ್ರವ ಬದಲಿಸುತ್ತೇನೆ, ಭಾನುವಾರವೂ ಬಿಡುವಿಲ್ಲ. ಅದೊಂದು ಹಟ್ಟಿ ಇದ್ದಹಾಗೆ.

ಜೀವಕೋಶದ ಹೊರಮೈ ಬೋಳಾಗಿರುವುದಿಲ್ಲ, ಅತ್ತೆ. ತುಂಬ ಪ್ರೋಟೀನುಗಳು ಹೊರಗೆ ಚಾಚಿಕೊಂಡಿರುತ್ತವೆ. ಕೆಲವು ಪಕ್ಕದ ಕೋಶವನ್ನು ಹಿಡಿದುಕೊಳ್ಳುತ್ತವೆ, ಕೆಲವು ಕಾಲಡಿಯ ನೆಲವನ್ನು. ಕೆಲವು ಹೊರಗಿನ ಸುದ್ದಿಯನ್ನು ಒಳಗೆ ಮುಟ್ಟಿಸುತ್ತವೆ: ಜಾಗ ಸಿಕ್ಕಿದೆ, ಒಂದಿದ್ದದ್ದು ಎರಡಾಗು ಎಂದು. ಈ ಕ್ಯಾನ್ಸರು ಜನರನ್ನು ಕೊಲ್ಲುವುದು ಹುಟ್ಟಿದ ಜಾಗದಲ್ಲಿ ಕಡಿಮೆ, ಯಕೃತ್ತಿಗೆ ಹೋಗಿ ಕೂತಾಗ ಹೆಚ್ಚು. ಯಾವ ಕೋಶ ಹೊರಡುತ್ತದೆ, ಯಾವುದು ಮನೆಯಲ್ಲೇ ಇರುತ್ತದೆ ಎಂಬುದು ಈ ಹೊರಮೈಯ ಮೇಲೆ ನಿಂತಿದೆ ಎಂದು ನಮ್ಮ ನಂಬಿಕೆ.

ನಾವು ಒಂದು ಪ್ರೋಟೀನಿನ ಬೆನ್ನು ಹತ್ತಿದ್ದೇವೆ. ಅದರ ಸರಿಯಾದ ಹೆಸರು ಒಂದು ಅಕ್ಷರ, ಮೂರು ಅಂಕಿ, ಈ ಹಾಳೆಯ ಹಿಂದೆ ಬರೆದಿದ್ದೇನೆ. ಲ್ಯಾಬಿನಲ್ಲಿ ಅದನ್ನು ಗೂಟ ಎನ್ನುತ್ತೇವೆ. ಇದ್ದಲ್ಲೇ ಇದ್ದ ಗಡ್ಡೆಗಳ ಕೋಶಗಳ ಮೇಲೆ ಗೂಟ ತುಂಬ ಇರುತ್ತದೆ. ಯಕೃತ್ತಿಗೆ ಹಬ್ಬಿದ ಗಡ್ಡೆಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ಗೂಟ ಇದ್ದರೆ ದನ ಮನೆಯಲ್ಲೇ ಇರುತ್ತದೆ. ಎರಡು ವರ್ಷದ ಕೆಲಸ ಇದು, ಲೇಖನವಾಗಿ ಅಚ್ಚಿಗೆ ಹೋಗಲು ಸಿದ್ಧವಾಗುತ್ತಿದೆ.

ಚೆನ್ನಾಗಿ ನಿದ್ದೆ ಮಾಡಿ. ಮತ್ತೆ ಬರೆಯಿರಿ.

ಕ್ಲಚ್ಚು ಬಿಡಲು ಇನ್ನೂ ಹೆದರುವ,
ನಿಮ್ಮ ಸೊಸೆ

*

ಮಾರ್ಚ್ 2

ಕ್ಲಚ್ಚಮ್ಮ,

ನಿನ್ನ ಹಾಳೆಯ ಹಿಂದಿನ ಅಕ್ಷರ, ಅಂಕಿ ನೋಡಿ ಎಲ್ಲೋ ಕಂಡ ಮುಖ ಅನ್ನಿಸಿತು. ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯವರು ಯಾವುದೋ ಅಧ್ಯಯನಕ್ಕೆ ಸಹಿ ಹಾಕಿಸಿಕೊಂಡಿದ್ದರು. ಬಾಲದ ಒಂದು ತುಂಡು ನಿಮ್ಮಂಥವರಿಗೆ ಕೊಡುತ್ತೇವೆ ಎಂದರು, ತಗೊಳ್ಳಿ, ನನಗಿನ್ನೇನು ಉಪಯೋಗ ಎಂದೆ. ನನ್ನ ವರದಿ ತರಿಸಿ ನೋಡಿದರೆ ಕೊನೆಯ ಸಾಲಿನಲ್ಲಿ ಅದೇ ಅಕ್ಷರ, ಅದೇ ಅಂಕಿ. ತುಂಡನ್ನು ತೆಳುವಾಗಿ ಹೆಚ್ಚಿ ಬಣ್ಣ ಹಾಕಿ ನೋಡಿದ್ದಾರೆ. "ಕೋಶಗಳ ಹೊರಮೈಯಲ್ಲಿ ಬಲವಾಗಿ ಇದೆ" ಎಂದು ಬರೆದಿದೆ.

ಬಲವಾಗಿ! ಅಂದರೆ ನನ್ನ ದನ ಗಟ್ಟಿ ಗೂಟಕ್ಕೆ ಕಟ್ಟಿದ ದನ ತಾನೇ? ಹೌದೋ ಅಲ್ಲವೋ ಹೇಳು. ಡಾಕ್ಟರನ್ನು ಕೇಳಿದೆ. "ಅದು ಸಂಶೋಧನೆಗೆ ಅಷ್ಟೇ, ಚಿಕಿತ್ಸೆಗೂ ಅದಕ್ಕೂ ಸಂಬಂಧ ಇಲ್ಲ" ಅಂದರು. ಅವರಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತಿರುತ್ತದೆ.

ಮಗನಿಗೆ ನಾವು ಬರೆದುಕೊಳ್ಳುವ ವಿಷಯ ಗೊತ್ತಾಗಿದೆ. ನಿನ್ನ ಪತ್ರ ಬಂದಾಗ ಅದನ್ನು ಬಾಗಿಲಿಂದ ತಂದು ನನ್ನ ದಿಂಬಿನ ಪಕ್ಕ ಇಟ್ಟು, ಅದರ ಮೇಲೆ ನನ್ನ ಕನ್ನಡಕ ಇಟ್ಟು ಹೋದ.

ಉತ್ತರಕ್ಕೆ ಕಾದಿರುವ,
ಅತ್ತೆ

*

ಮಾರ್ಚ್ 9

ಅತ್ತೆ, ಅತ್ತೆ,

ನಿಮ್ಮ ಪತ್ರ ಓದಿ ಕುಣಿದಾಡುವುದೊಂದು ಬಾಕಿ. ಹೌದು. ನಮ್ಮ ಲೆಕ್ಕದ ಪ್ರಕಾರ "ಬಲವಾಗಿ" ಎಂದರೆ ಒಳ್ಳೆಯ ಸುದ್ದಿ. ಅಂಥ ಗಡ್ಡೆಗಳ ಕೋಶಗಳನ್ನು ನಾನೇ ನನ್ನ ಕೈಯಾರೆ ಅಳೆದಿದ್ದೇನೆ. ಅವು ಹೊರಡುವ ಕೋಶಗಳಲ್ಲ. ಮೂರು ವಾರದಿಂದ ಎದೆಯ ಮೇಲೆ ಕೂತಿದ್ದ ಏನೋ ಇಳಿದ ಹಾಗಾಯಿತು. ಲ್ಯಾಬು ನಡೆಸುವ ನಮ್ಮ ಮೇಡಂ ಕೇಳಿದರು, "ಏನು ವಿಶೇಷ, ಹಾಡ್ತಾ ಇದ್ದೀಯಲ್ಲ?" ಎಂದು. ನಾನು ಹಾಡುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ.

ಹೇಗೆ ಅಳೆಯುತ್ತೇವೆ ಎಂದು ಹೇಳಲೇ? ಕೋಶಗಳು ತಟ್ಟೆಗೆ ಅಂಟಿಕೊಂಡು ಬೆಳೆಯುತ್ತವೆ. ಒಂದು ಕಿಣ್ವದ ದ್ರವ ಹಾಕಿದರೆ ಬಿಟ್ಟುಕೊಳ್ಳುತ್ತವೆ. ತಮಾಷೆ ನೋಡಿ, ಆ ಕಿಣ್ವವನ್ನು ಮೈಯಲ್ಲಿ ತಯಾರಿಸುವುದೂ ಇದೇ ಗ್ರಂಥಿ, ಮಾಂಸ ಜೀರ್ಣವಾಗಲೆಂದು. ಬಿಟ್ಟುಕೊಂಡ ಕೋಶಗಳಿಗೆ ಹೊಳೆಯುವ ಬಣ್ಣ ಹಚ್ಚಿದರೆ ಅದು ಗೂಟಕ್ಕೆ ಮಾತ್ರ ಹಿಡಿಯುತ್ತದೆ. ಆಮೇಲೆ ಯಂತ್ರ ಒಂದೊಂದನ್ನೇ ನೋಡಿ ಎಷ್ಟು ಹೊಳೆಯಿತು ಎಂದು ಹೇಳುತ್ತದೆ. ಕೋಶ ಬಿಡಿಸುವುದರಲ್ಲಿ ನನ್ನಷ್ಟು ಒಳ್ಳೆಯ ಕೈ ಲ್ಯಾಬಿನಲ್ಲಿ ಇಲ್ಲ ಎನ್ನುತ್ತಾರೆ. ಬೇರೆಯವರು ಹಟಮಾರಿ ಕೋಶಗಳನ್ನು ತಟ್ಟೆಯಲ್ಲೇ ಬಿಟ್ಟು ಎಸೆಯುತ್ತಾರೆ. ನಾನು ಒಂದನ್ನೂ ಬಿಡುವುದಿಲ್ಲ, ಏಳುವವರೆಗೆ ಕಾಯುತ್ತೇನೆ.

ಆದರೂ ಡಾಕ್ಟರ ಮಾತು ಕೇಳಿ. ನಮ್ಮದು ಲ್ಯಾಬಿನ ಮಾತು.

ಖುಷಿಯಲ್ಲಿರುವ,
ಸೊಸೆ

*

ಮಾರ್ಚ್ 18

ಕ್ಲಚ್ಚಮ್ಮ,

ಕೀಮೊ ಬೇಡ ಎಂದು ಹೇಳಿ ಬಂದೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು "ಇನ್ನೊಂದ್ಸಲ ಯೋಚನೆ ಮಾಡಿ, ಏಪ್ರಿಲ್ ಇಪ್ಪತ್ತರವರೆಗೂ ಬಾಗಿಲು ತೆರೆದಿರುತ್ತೆ" ಅಂದರು. ನನ್ನ ಸೊಸೆ ಯೋಚನೆ ಮಾಡಿದ್ದಾಳೆ ಎಂದೆ. ಮಾಜಿ ಎಂದು ಸೇರಿಸಲಿಲ್ಲ, ಅವರಿಗೇಕೆ ನಮ್ಮ ಮನೆ ವಿಚಾರ. ಮಗ ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳ ಜೊತೆ ಜಗಳವಾಡಿದ.

ಸೋಮವಾರದಿಂದ ಮತ್ತೆ ಕಾರಿನಲ್ಲಿದ್ದೇನೆ. ಹೊಟ್ಟೆಯ ಗಾಯದ ಮೇಲೆ ಸಣ್ಣ ದಿಂಬು ಇಟ್ಟು, ಅದರ ಮೇಲೆ ಬೆಲ್ಟು. ಈಗಿನ ಶಿಷ್ಯ ಒಬ್ಬ ಗಡಿಯಾರ ರಿಪೇರಿಯವರು. ಅರವತ್ತು ದಾಟಿದೆ, ದೃಷ್ಟಿ ಸೂಕ್ಷ್ಮ, ದೂರದ ಪಾರಿವಾಳ ಕಂಡರೂ ಬ್ರೇಕು ಒತ್ತುತ್ತಾರೆ. ಅದು ಹಾರಿಹೋಗುವವರೆಗೆ ಕಾಯುತ್ತಾರೆ. ಹಿಂದಿನಿಂದ ಲಾರಿಯವರು ಬೈಯುವ ಬೈಗುಳ ಕೇಳಿ ನನಗೆ ಎಷ್ಟು ಹಾಯೆನಿಸಿತು ಗೊತ್ತಾ? ಆಸ್ಪತ್ರೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ, ಅದೇ ಭಯ ಹುಟ್ಟಿಸುವುದು.

ನನ್ನ ಪಾದಕ್ಕೆ ಬ್ರೇಕು ಚೆನ್ನಾಗಿ ಗೊತ್ತಾಗುತ್ತಿದೆ. ನಿನ್ನ ದಯೆ.

ನೆಮ್ಮದಿಯಲ್ಲಿರುವ,
ಅತ್ತೆ

*

ಏಪ್ರಿಲ್ 10

ಅತ್ತೆ,

ಇದನ್ನು ಅಂಚೆಗೆ ಹಾಕುತ್ತಿಲ್ಲ, ನಾನೇ ತರುತ್ತೇನೆ. ಅಂಚೆ ನಂಬಿಕೊಂಡು ಕೂರಲು ದಿನಗಳಿಲ್ಲ. ಎದುರಿಗೆ ನಿಂತರೆ ನನ್ನ ಬಾಯಿಂದ "ಹೂಂ" ಬಿಟ್ಟು ಬೇರೇನೂ ಬರುವುದಿಲ್ಲ, ಅದಕ್ಕೇ ಬರೆದಿದ್ದೇನೆ. ನೀವು ಓದಿ ಮುಗಿಸುವವರೆಗೆ ಅಲ್ಲೇ ನಿಂತಿರುತ್ತೇನೆ.

ನಾನು ಹೇಳಿದ್ದು ತಪ್ಪು.

ಹದಿನೈದು ದಿನದ ಹಿಂದೆ ನಮ್ಮ ಕಿಣ್ವ ಮುಗಿದಿತ್ತು, ಹೊಸದು ಬಂದಿರಲಿಲ್ಲ. ಹಾಗಾಗಿ ಹಳೆಯ ನಿಧಾನದ ದ್ರವ ಹಾಕಿ, ತಟ್ಟೆಯನ್ನು ಮೆಲ್ಲಗೆ ತಟ್ಟಿ ತಟ್ಟಿ ಕೋಶಗಳನ್ನು ಬಿಡಿಸಿದೆ. ಆ ದ್ರವ ಏನನ್ನೂ ಕತ್ತರಿಸುವುದಿಲ್ಲ, ಹಿಡಿತ ಸಡಿಲಿಸುತ್ತದೆ ಅಷ್ಟೇ. ಅವತ್ತು ಯಂತ್ರ ಉಲ್ಟಾ ತೋರಿಸಿತು. ಯಕೃತ್ತಿಗೆ ಹಬ್ಬಿದ ಕೋಶಗಳು ದೀಪದಂತೆ ಹೊಳೆದವು. ನಳಿಕೆಗಳು ಅದಲುಬದಲಾಗಿವೆ ಎಂದುಕೊಂಡು ಮತ್ತೆ ಮಾಡಿದೆ. ಬೇರೆ ರೋಗಿಗಳ ಕೋಶ ತೆಗೆದುಕೊಂಡು ಮಾಡಿದೆ. ಅದೇ.

ಆಗ ನನಗೆ ವಿಷಯ ಹೊಳೆಯಿತು. ಕಿಣ್ವ ಮಾಂಸ ಕತ್ತರಿಸುವಂಥದ್ದು, ಪ್ರೋಟೀನನ್ನೇ ಕತ್ತರಿಸುವುದು ಅದರ ಕಸುಬು. ಐದು ನಿಮಿಷಕ್ಕೆ ಗೂಟಕ್ಕೆ ಏನೂ ಆಗುವುದಿಲ್ಲ ಎಂದು ಮೊದಲೇ ಪರೀಕ್ಷೆ ಮಾಡಿದ್ದೆವು. ಆದರೆ ಹಬ್ಬುವ ಕೋಶಗಳು ತಟ್ಟೆಯನ್ನು ಬಲವಾಗಿ ಕಚ್ಚಿಕೊಂಡಿರುತ್ತವೆ, ಐದು ನಿಮಿಷಕ್ಕೆ ಏಳುವುದಿಲ್ಲ. ಬೇರೆಯವರಾಗಿದ್ದರೆ ಎಸೆಯುತ್ತಿದ್ದರು. ನಾನು ಕಾದೆ. ಕಾಲು ಗಂಟೆ, ಇಪ್ಪತ್ತು ನಿಮಿಷ. ಒಂದೂ ಉಳಿಯಬಾರದು ಎಂಬ ಹೆಮ್ಮೆ. ನಾನು ಕಾಯುತ್ತ ಕೂತಷ್ಟು ಹೊತ್ತೂ ಕಿಣ್ವ ಅವುಗಳ ಗೂಟವನ್ನು ಬುಡದಿಂದ ಸವರಿಹಾಕುತ್ತಿತ್ತು. ಆಮೇಲೆ ಯಂತ್ರಕ್ಕೆ ಹಾಕಿ, ನೋಡಿ, ಇವಕ್ಕೆ ಗೂಟವೇ ಇಲ್ಲ ಎಂದೆ. ಎರಡು ವರ್ಷ ಹೀಗೇ ಅಳೆದೆ. ಅದು ದನ ಕಟ್ಟುವ ಗೂಟವಲ್ಲ, ಅತ್ತೆ. ಹೊಸ ಜಾಗಕ್ಕೆ ಹೋಗಿ ಡೇರೆ ಹೊಡೆಯುವ ಗೂಟ.

ನಿಮ್ಮ ತುಂಡಿಗೆ ಯಾರೂ ಕಿಣ್ವ ಹಾಕಿರಲಿಲ್ಲ, ಹೆಚ್ಚಿ ಬಣ್ಣ ಹಾಕಿದ್ದರು. ಆದ್ದರಿಂದ ನಿಮ್ಮ ವರದಿಯ "ಬಲವಾಗಿ" ನಿಜವಾದದ್ದು. ಅದರ ಅರ್ಥ ಒಳ್ಳೆಯದಲ್ಲ, ಬಹುಶಃ ಕೆಟ್ಟದ್ದು. ಆ ಬಹುಶಃ ಕೂಡ ನನಗೆ ಖಾತ್ರಿಯಿಲ್ಲ. ಖಾತ್ರಿ ಇರುವುದು ಒಂದೇ: ನನ್ನ ಮಾತು ನಂಬಿ ಕೀಮೊ ಬೇಡ ಅನ್ನಬೇಡಿ.

ಮೇಡಂ ಎಲ್ಲವನ್ನೂ ಮೊದಲಿನಿಂದ ಮಾಡಿ ಮುಗಿಸುವವರೆಗೆ ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದಿದ್ದಾರೆ. ಅವರು ಹೇಳುವುದು ನ್ಯಾಯವೇ, ಆದರೆ ಅಷ್ಟರಲ್ಲಿ ಜುಲೈ ಬರುತ್ತದೆ. ನಿಮ್ಮ ಬಾಗಿಲು ಇಪ್ಪತ್ತಕ್ಕೆ ಮುಚ್ಚುತ್ತದೆ. ಕೆಲಸ ಹೋದರೆ ಹೋಗಲಿ.

ಇನ್ನೊಂದು. ನೀವು ಕೀಮೊ ಬೇಡ ಎಂದು ಬರೆದಾಗಲೇ, ಹಾಗೆ ಮಾಡಬೇಡಿ, ಇದು ಇನ್ನೂ ಯಾರೂ ಪರೀಕ್ಷಿಸದ ಮಾತು ಎಂದು ನಾನು ಬರೆಯಬೇಕಿತ್ತು. ಬರೆಯಲಿಲ್ಲ. ನೀವು ನನ್ನನ್ನು ನಂಬಿದಿರಿ ಎಂಬ ಸಂತೋಷದಲ್ಲೇ ಇದ್ದುಬಿಟ್ಟೆ.

ನಿಮ್ಮ ಸೊಸೆ

*

ಏಪ್ರಿಲ್ 16

ನೀನು ತಂದ ಕಾಗದ ಓದಿ ಅಭ್ಯಾಸದ ಮೈದಾನದಲ್ಲಿ ನಾನು ಅಂದ ಮಾತುಗಳನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ. ಗಡಿಯಾರದವರು ಪಾಪ, ನನ್ನ ದನಿ ಕೇಳಿ ಗಾಬರಿಯಾಗಿ ಕಾರನ್ನು ತಾವಾಗಿಯೇ ಹಿಂದಕ್ಕೆ ತೆಗೆದು ಗೋಡೆಯ ಪಕ್ಕ ನಿಲ್ಲಿಸಿಬಿಟ್ಟರು. ಮೂರು ವಾರದಿಂದ ಕಲಿಸಿದರೂ ಬಾರದ ರಿವರ್ಸು ಅವತ್ತು ಬಂತು. ನಿನಗೆ ಹೋಗು ಎಂದೆ, ನೀನು ಹೋದೆ.

ಐದು ದಿನ ನಿನ್ನನ್ನು ಬೈದುಕೊಂಡೇ ಓಡಾಡಿದೆ. ನನ್ನನ್ನೂ ಬೈದುಕೊಂಡೆ. ಕೀಮೊ ಬೇಡ ಎಂದು ಹೇಳಲು ನನಗೊಂದು ನೆಪ ಬೇಕಿತ್ತು, ನೀನು ಕೊಟ್ಟೆ. ನೀನು ಕೊಡದಿದ್ದರೆ ಬೇರೆ ಎಲ್ಲಾದರೂ ಹುಡುಕುತ್ತಿದ್ದೆನೋ ಏನೋ. ಹಾಗಂತ ನಿನ್ನ ತಪ್ಪು ಕಡಿಮೆಯಾಗುವುದಿಲ್ಲ.

ಮೊದಲ ಪಾಠದ ದಿನ ನಿನಗೆ ಹೇಳಿದ್ದೆ, ನೆನಪಿದೆಯಾ? ತಪ್ಪು ತಿರುವು ತೆಗೆದುಕೊಂಡಿದ್ದು ಗೊತ್ತಾದ ತಕ್ಷಣ ಅಯ್ಯೋ ಅನ್ನುವುದು ಬಿಟ್ಟು ಮೊದಲು ಇಂಡಿಕೇಟರ್ ಹಾಕು, ಹಿಂದೆ ಬರುವವರಿಗೆ ಗೊತ್ತಾಗಲಿ. ನೀನು ತಡಮಾಡಿ ಹಾಕಿದೆ, ಆದರೆ ಹಾಕಿದೆ. ಅದಕ್ಕೆ ಅಂಕ ಕೊಟ್ಟಿದ್ದೇನೆ. ಉಳಿದದ್ದರಲ್ಲಿ ಫೇಲು.

ಡಾಕ್ಟರ ಹತ್ತಿರ ಹೋಗಿದ್ದೆ. ಸೋಮವಾರ ಶುರು, ಇಪ್ಪತ್ತನೇ ತಾರೀಖು. ಆಮೇಲೆ ಎರಡು ವಾರಕ್ಕೊಂದು ಸೋಮವಾರ. ಮಗನಿಗೆ ಸೋಮವಾರ ರಜೆ ಸಿಗುವುದಿಲ್ಲ. ವಾರದ ಮೊದಲ ದಿನವೇ ಊರಿನ ಲಿಫ್ಟುಗಳೆಲ್ಲ ಕೈಕೊಡುತ್ತವಂತೆ. ನಿನಗೆ ಬರಲು ಆಗುವುದಾದರೆ ಬಾ. ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಡ್ರೈವರ್ ಬೇಕು.

ಅತ್ತೆ

*

ಜೂನ್ 3

ಅತ್ತೆ,

ನಾಲ್ಕು ಸೋಮವಾರ ಆಯಿತು. ನಾಲ್ಕು ಸಲವೂ ಹೋಗುವಾಗ, ಬರುವಾಗ ನೀವು "ಎಡಕ್ಕೆ", "ಬಲಕ್ಕೆ", "ನೋಡಿ ಹೋಗು" ಬಿಟ್ಟು ಬೇರೆ ಮಾತಾಡಿಲ್ಲ. ದಾರಿಯುದ್ದಕ್ಕೂ ನಿಮ್ಮ ಪಾದ ನಿಮ್ಮ ಬ್ರೇಕಿನ ಮೇಲೆ. ಕಳೆದ ಸಲ ವೃತ್ತದಲ್ಲಿ ಯಾವ ಗಾಡಿಯೂ ಇಲ್ಲದಾಗ ಎರಡು ಸಲ ಒತ್ತಿದಿರಿ. ನಿಮಗೆ ಹಾಗೆ ಮಾಡುವ ಹಕ್ಕಿದೆ.

ಕೆಲಸ ಹೋಗಲಿಲ್ಲ. ಮೇಡಂ ಒಂದು ವಾರ ನನ್ನ ಮುಖ ನೋಡಲಿಲ್ಲ, ಆಮೇಲೆ ಲೇಖನ ವಾಪಸು ತರಿಸಿ, "ಬಾ, ಮೊದಲಿಂದ ಮಾಡೋಣ" ಅಂದರು. ಈಗ ಎಲ್ಲವನ್ನೂ ನಿಧಾನದ ದ್ರವದಲ್ಲಿ ಬಿಡಿಸುತ್ತಿದ್ದೇವೆ, ನನ್ನ ಕೈ ಮಾತ್ರವಲ್ಲ, ಮೂರು ಜನರ ಕೈ. ಫಲಿತಾಂಶ ಬದಲಾಗಿಲ್ಲ. ಹಬ್ಬುವ ಕೋಶಗಳ ಮೇಲೆಯೇ ಗೂಟ ಹೆಚ್ಚು. ಆ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಮುಚ್ಚುವ ಒಂದು ವಸ್ತು ಹಾಕಿ ನೋಡಿದೆವು. ಮುಚ್ಚಿದ ಕೋಶಗಳಿಗೆ ನೆಲ ಹಿಡಿಯಲು ಆಗಲಿಲ್ಲ. ಅಷ್ಟೇ ಅಲ್ಲ, ಎರಡಾಗುವುದನ್ನೂ ನಿಧಾನ ಮಾಡಿದವು. ಹಿಡಿದುಕೊಳ್ಳುವುದೂ ಬೆಳೆಯುವುದೂ ಒಂದೇ ಪ್ರೋಟೀನಿನ ಕೆಲಸ ಎಂದಾಯಿತು. ಇದನ್ನು ನೀವು ಕೇಳಿರಲಿಲ್ಲ, ಆದರೂ ಬರೆಯುತ್ತಿದ್ದೇನೆ. ಇದು ತಟ್ಟೆಯಲ್ಲಿ ಕಂಡದ್ದು. ನಿಮ್ಮ ಮೈಯ ಬಗ್ಗೆ ಇದರಿಂದ ಏನೂ ಹೇಳಲು ಬರುವುದಿಲ್ಲ. ಈ ಸಲ ಈ ಸಾಲನ್ನು ಕೊನೆಗೆ ತುರುಕಿಲ್ಲ, ನಡುವಿನಲ್ಲೇ ಇಟ್ಟಿದ್ದೇನೆ.

ಸೋಮವಾರ ನೀವು ಮಲಗಿದ ಮೇಲೆ ನಿಮ್ಮ ಮಗ ಬಂದರು. ಬಾಗಿಲಲ್ಲಿ ಎದುರಾದೆವು. "ಕಾಫಿ ಕುಡೀತೀಯಾ?" ಅಂದರು. ನಾನು ಏನಂದಿರಬಹುದು ಎಂದು ನಿಮಗೇ ಗೊತ್ತು.

ಹದಿನೈದಕ್ಕೆ ಬರುತ್ತೇನೆ.

ಸೊಸೆ

*

ಆಗಸ್ಟ್ 5

ಕ್ಲಚ್ಚಮ್ಮ,

ಜೋಮು ಬಂತು. ಮೊದಲು ಬೆರಳ ತುದಿಗೆ, ಆಮೇಲೆ ಅಂಗಾಲಿಗೆ. ದಪ್ಪ ಕಾಲುಚೀಲ ಹಾಕಿಕೊಂಡ ಹಾಗಿರುತ್ತದೆ, ಬಿಚ್ಚೋಣವೆಂದರೆ ಕಾಲುಚೀಲವೇ ಇಲ್ಲ. ನಿನ್ನೆ ಯಾರೂ ಇಲ್ಲದ ಹೊತ್ತು ಮೈದಾನಕ್ಕೆ ಹೋಗಿ ಒಬ್ಬಳೇ ಓಡಿಸಿ ನೋಡಿದೆ. ಬ್ರೇಕು ಒತ್ತಿದೆ ಎಂದುಕೊಂಡೆ, ಒತ್ತಿರಲಿಲ್ಲ. ಕಲಿಯುವವರಿಗೆಂದು ಇಟ್ಟ ಡ್ರಮ್ಮಿಗೆ ಕಾರು ಹೊಡೆಯಿತು. ಡ್ರಮ್ಮು ಖಾಲಿಯಿತ್ತು, ಬಂಪರು ಸ್ವಲ್ಪ ಒಳಗೆ ಹೋಯಿತು, ಮತ್ತೇನಿಲ್ಲ. ಕಾರು ನಿಲ್ಲಿಸಿ ಬಹಳ ಹೊತ್ತು ಅಲ್ಲೇ ಕೂತಿದ್ದೆ.

ಇವತ್ತು ಗಡಿಯಾರದವರನ್ನು ಬೇರೆ ಡ್ರೈವಿಂಗ್ ಶಾಲೆಗೆ ಸೇರಿಸಿ ಬಂದೆ. "ನೀವು ಪಕ್ಕದಲ್ಲಿ ಇಲ್ದೆ ನಂಗೆ ಧೈರ್ಯ ಇಲ್ಲ" ಅಂದರು. "ನನಗೂ ಇಲ್ಲ, ಆದರೂ ಹೋಗಿ" ಎಂದೆ. ಕಾರಿನ ಮೇಲಿನ ಬೋರ್ಡು ಬಿಚ್ಚಿಸಿದ್ದೇನೆ.

ಇದನ್ನೆಲ್ಲ ನಿನ್ನ ಮೇಲೆ ಹಾಕಿ ಸಿಟ್ಟು ಮಾಡಿಕೊಳ್ಳಬೇಕು ಎನ್ನಿಸಿತು. ನೀನು ಅವತ್ತು ಸುಮ್ಮನಿದ್ದಿದ್ದರೆ ನನ್ನ ಕಾಲು ನನಗಿರುತ್ತಿತ್ತು ಎಂದು. ಒಂದು ಬೆಳಗ್ಗೆಯೆಲ್ಲ ಹಾಗೇ ಅಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಹಸಿವಾಯಿತು, ಕೀಮೊ ಶುರುವಾದ ಮೇಲೆ ಮೊದಲ ಸಲ ಸರಿಯಾಗಿ ಹಸಿವಾಯಿತು, ಎರಡು ತಟ್ಟೆ ತಿಂದೆ. ಸಿಟ್ಟು ಅಲ್ಲಿಗೆ ಮುಗಿಯಿತು.

ನನ್ನ ತುಂಡಿನ ಕೋಶಗಳೂ ನಿನ್ನ ಹಟ್ಟಿಯಲ್ಲಿವೆಯೋ? ಯಾರದ್ದು ಯಾವುದೆಂದು ನಿಮಗೆ ಗೊತ್ತಾಗದ ಹಾಗೆ ಸಂಖ್ಯೆ ಹಾಕಿರುತ್ತಾರೆ ಎಂದು ಡಾಕ್ಟರು ಹೇಳಿದರು. ಒಳ್ಳೆಯದಾಯಿತು. ಹುಡುಕಲು ಹೋಗಬೇಡ. ಎಲ್ಲಕ್ಕೂ ಒಂದೇ ತರಹ ಊಟ ಹಾಕು, ಭಾನುವಾರವೂ ಹಾಕು.

ಬೆರಳಿಗೆ ಬೀಗದ ಕೈ ನಿಲ್ಲುತ್ತಿಲ್ಲ, ಮೂರು ಸಲ ಬೀಳಿಸಿದರೆ ಒಂದು ಸಲ ಬಾಗಿಲು ತೆರೆಯುತ್ತದೆ. ನೀನು ಹಾಕಿಹೋದ ಕೈ ಇನ್ನೂ ಟಪಾಲು ಪೆಟ್ಟಿಗೆಯಲ್ಲೇ ಇದೆ, ನಾನು ತೆಗೆದಿರಲಿಲ್ಲ. ಮುಂದಿನ ಸೋಮವಾರ ಬಂದಾಗ ತೆಗೆದುಕೋ. ನೀನೇ ಬೀಗ ತೆರೆದು ಒಳಗೆ ಬಾ, ನಾನು ಏಳುವುದು ತಪ್ಪುತ್ತದೆ.

ಅತ್ತೆ

*

ಅಕ್ಟೋಬರ್ 22

ಕ್ಲಚ್ಚಮ್ಮ,

ಕೀಮೊ ಮುಗಿದ ಮೇಲಿನ ಸ್ಕ್ಯಾನಿನ ಫಲಿತಾಂಶ ನಿನ್ನೆ ಹೇಳಿದರು. ನೀನು ಹೊರಗೆ ಬೆಂಚಿನ ಮೇಲಿದ್ದೆ. ಒಳಗೆ ಬಾ ಎಂದು ನಾನು ಕರೆಯಲಿಲ್ಲ. ಹೊರಗೆ ಬಂದು "ಹೋಗೋಣ" ಎಂದೆ. ನೀನು ನನ್ನ ಮುಖ ನೋಡಿದೆ, ಕಾರು ತೆಗೆದೆ. ಆದ್ದರಿಂದ ಈಗ ಬರೆಯುತ್ತಿದ್ದೇನೆ.

ಯಕೃತ್ತಿನಲ್ಲಿ ಒಂದು ಚುಕ್ಕೆ ಇದೆ. ಅಂಗಿಯ ಗುಂಡಿಯಷ್ಟು. ಅದು ಅದೇ ಎಂದು ಡಾಕ್ಟರು ಹೇಳಿದರು. ಬೇರೆ ಔಷಧಿ ಇದೆ, ಎರಡು ವಾರ ಬಿಟ್ಟು ಶುರು ಮಾಡೋಣ ಎಂದರು. ಮಾಡಿ ಎಂದೆ. ಎಷ್ಟು ದಿನ ಎಂದು ಕೇಳಿದೆ. ವರ್ಷ ಎಂದರೆ ಹೆಚ್ಚಾಯಿತು, ತಿಂಗಳು ಎಂದರೆ ಕಡಿಮೆಯಾಯಿತು ಎನ್ನುವ ಹಾಗೆ ಏನೋ ಹೇಳಿದರು. ಮಗನಿಗೆ ನಾನೇ ಹೇಳಿದೆ. "ಏನೂ ಆಗಲ್ಲಮ್ಮ" ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡು ನನ್ನ ಪಕ್ಕ ಕೂತ. ಅಷ್ಟು ಸಾಕಾಗಿತ್ತು.

ನೀನು ಈಗ ಲೆಕ್ಕ ಹಾಕುತ್ತ ಕೂರುತ್ತೀಯ ಎಂದು ಗೊತ್ತು. ಮಾರ್ಚಿನಲ್ಲೇ ಶುರು ಮಾಡಿದ್ದರೆ ಹೀಗಾಗುತ್ತಿತ್ತೇ ಎಂದು. ನಿನ್ನ ಪರವಾಗಿ ನಾನೇ ಡಾಕ್ಟರನ್ನು ಕೇಳಿದೆ. "ಹೇಳೋಕಾಗಲ್ಲ" ಅಂದರು. ಆಗುತ್ತಿತ್ತು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಆ ಮನುಷ್ಯ ಸಮಾಧಾನಕ್ಕೆ ಸುಳ್ಳು ಹೇಳುವವರಲ್ಲ. ನಿನಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ, ಅದನ್ನು ಮನೆಯಲ್ಲಿಟ್ಟು ಸಾಕುವಷ್ಟು ಪುರಸೊತ್ತು ನನಗಿಲ್ಲ. ನೀನೂ ಬಿಡು. ಬಿಡಲು ಆಗದಿದ್ದರೆ ಬರೆದು ಕಳಿಸು, ಓದಿ ಬೈಯುತ್ತೇನೆ.

ನಿಮ್ಮ ಗೂಟಕ್ಕೆ ಮುಚ್ಚಳ ಹಾಕುವ ಔಷಧಿ ಯಾವಾಗ ಬರುತ್ತದೆ ಎಂದೂ ಕೇಳಿದೆ. ಬಂದರೆ ಇನ್ನೂ ಎಷ್ಟೋ ವರ್ಷ ಬೇಕು ಎಂದರು. ಅಂದರೆ ನನಗಲ್ಲ. ಸರಿ. ಆದರೂ ನೀನು ಅವಸರ ಮಾಡಬೇಡ. ಆ ನಿಧಾನದ ದ್ರವದಲ್ಲೇ ಬಿಡಿಸು.

ಇನ್ನೊಂದು ವಿಷಯ. ನಿನ್ನೆ ವಾಪಸು ಬರುವಾಗ ಸೇತುವೆ ದಾಟಿದ್ದು ನನಗೆ ನೆನಪಿದೆ. ಆಮೇಲೆ ನೆನಪಿರುವುದು ನಮ್ಮ ಮನೆಯ ಗೇಟು. ನಡುವಿನ ಸಿಗ್ನಲ್ಲುಗಳು, ಆ ಹಾಳು ವೃತ್ತ, ಶಾಲೆಯ ಮುಂದಿನ ತಿರುವು, ಯಾವುದೂ ಗೊತ್ತಿಲ್ಲ. ಸೀಟನ್ನು ಹಿಂದಕ್ಕೆ ಸರಿಸಿದ್ದು ನೀನೋ ನಾನೋ ಅದೂ ಗೊತ್ತಿಲ್ಲ. ಎಚ್ಚರವಾದಾಗ ನನ್ನ ಎರಡೂ ಪಾದ ಸೀಟಿನ ಕಡೆಗೆ ಮಡಚಿಕೊಂಡಿದ್ದವು, ಬ್ರೇಕು ಅಷ್ಟು ದೂರದಲ್ಲಿತ್ತು. ನಾನು ನಿದ್ದೆ ಹೋಗಿದ್ದೆ.

ನೀನು ಎಂಜಿನ್ ಆಫ್ ಮಾಡಿ ನಾನಾಗಿ ಏಳುವವರೆಗೆ ಅಲ್ಲಾಡದೆ ಕೂತಿದ್ದೆ ಎಂದು ಮಗ ಹೇಳಿದ. ಮುಂದಿನ ಸಲ ಎಬ್ಬಿಸು. ಕತ್ತು ನೋಯುತ್ತಿದೆ.

ನಿನ್ನ ಅತ್ತೆ